ಜೋಂಪಿನೊಳಗೆ ಹೋದ ಬಂಡಿ

ನಮ್ಮೂರಿನ ಪಡುವಣ ದಿಕ್ಕಿನಲ್ಲಿ, ಹಳೇ ಹತ್ತಿ ಗೋದಾಮುಗಳ ಸಾಲು ಮುಗಿಯುವಲ್ಲಿ, ರಸ್ತೆಗೆ ಅಡ್ಡಲಾಗಿ ಸುಣ್ಣದ ಗೆರೆಯೊಂದಿದೆ. ಅದನ್ನು ದಾಟಿದವರಿಗೆ ನಿದ್ದೆ ಬರುತ್ತದೆ. ನಾಲ್ಕು ಹೆಜ್ಜೆ ಇಡುವುದರೊಳಗೆ ಮಂಡಿ ಸಡಿಲವಾಗಿ, ಎಲ್ಲಿದ್ದಾರೋ ಅಲ್ಲೇ ಒರಗಿ ಮಲಗಿಬಿಡುತ್ತಾರೆ. ಈಚೆ ಎಳೆದು ತಂದರೆ ಎಚ್ಚರ, ತರದಿದ್ದರೆ ಇಲ್ಲ. ನಾವು ಇದಕ್ಕೆ ಜೋಂಪು ಅನ್ನುತ್ತೇವೆ. ಗೆರೆಯ ಹತ್ತಿರದ ಮನೆಗಳವರು ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿಯೇ ಆಡಲು ಬಿಡುತ್ತಾರೆ. ಗೋದಾಮಿನ ಕಟ್ಟೆಯ ಮೇಲೆ ಹಗ್ಗದ ಮಲ್ಲೇಶಿ ಉದ್ದನೆಯ ಕೊಕ್ಕೆ ಹಿಡಿದು ದಿನವಿಡೀ ಕೂತಿರುತ್ತಾನೆ. ಪುರಸಭೆಯಿಂದ ಅವನಿಗೆ ಸಂಬಳ. ಹಸಿ ಬಾಣಂತಿಯರು ನಿದ್ದೆಗೆಟ್ಟು ಕಂಗಾಲಾದಾಗ ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಗೆರೆಯಾಚೆ ಒಂದರ್ಧ ಗಂಟೆ ಮಲಗಿ ಬರುವುದೂ ಉಂಟು. ಎಳೆದದ್ದಕ್ಕೆ ಮಲ್ಲೇಶಿಗೆ ಒಂದು ತೆಂಗಿನಕಾಯಿ.

ಆದರೆ ಜೋಂಪಿನ ಎಲ್ಲೆ ಇದ್ದಲ್ಲೇ ಇರುವಂಥದ್ದಲ್ಲ. ವರ್ಷಗಟ್ಟಲೆ ಸುಮ್ಮನಿದ್ದು, ಯಾವುದೋ ಒಂದು ಬೆಳಿಗ್ಗೆ ಮುಂದೆ ಸರಿದುಬಿಟ್ಟಿರುತ್ತದೆ. ಆಗ ಸುಣ್ಣದಿಂದ ಹೊಸ ಗೆರೆ ಎಳೆದು, ಒಳಗೆ ಸಿಕ್ಕಿಕೊಂಡವರಲ್ಲಿ ಹಗ್ಗಕ್ಕೆ ಎಟುಕಿದವರನ್ನು ಎಳೆದುಕೊಳ್ಳುತ್ತೇವೆ. ಎಟುಕದವರಿಗಾಗಿ ಒಂದು ವರ್ಷ ಕಾಯುತ್ತೇವೆ. ಆಮೇಲೆ ಗೆರೆಯ ಈಚೆ ನಿಂತು ಎಳ್ಳುನೀರು ಬಿಡುತ್ತೇವೆ. ಅನ್ನ ನೀರಿಲ್ಲದೆ ಅಷ್ಟು ದಿನ ಯಾರು ತಾನೆ ಬದುಕಿರುತ್ತಾರೆ ಎಂದು ಎಲ್ಲರೂ ನಂಬಿದ್ದೆವು. ನೋಡಿ ಬಂದವರು ಯಾರೂ ಇರಲಿಲ್ಲ. ಗೆರೆಯ ಮೇಲೆ ನಿಂತರೆ ರಸ್ತೆಯ ತಿರುವಿನವರೆಗೆ ಮಾತ್ರ ಕಾಣುತ್ತದೆ.

ರೇವಣಸಿದ್ಧ ಆ ತಿರುವಿನಾಚೆ ಉಳಿದವನು. ಕೆರೆಯ ಕೆಳಗಿನ ನೀರಿನ ಮನೆಯಲ್ಲಿ ಅವನಿಗೆ ಕೆಲಸ. ಬೆಳಗಾಗುತ್ತಲೇ ಹೋಗಿ ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡಬೇಕು. ಒಂಬತ್ತು ವರ್ಷದ ಹಿಂದೆ ಅವನು ಹಾಗೆ ಹೋದ ದಿನವೇ ಗೆರೆ ಸರಿಯಿತು. ಆವತ್ತು ನೀರೂ ಬರಲಿಲ್ಲ, ಅವನೂ ಬರಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರು, ತಾಯಿ ಹಾಲಮ್ಮ ಮತ್ತು ಹೆಂಡತಿ ಅನಸೂಯ. ಅನಸೂಯ ಟೆಕ್ನಿಕಲ್ ಸ್ಕೂಲಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದಳು. ನಾನು ಗುರುಪಾದ. ಪೇಟೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡಿದ್ದೇನೆ. ರೇವಣಸಿದ್ಧ ಹೋದ ಮೇಲೆ ಅವರ ಮನೆಯ ಇನ್ವರ್ಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಲು ಹೋಗುತ್ತಿದ್ದೆ. ಹೋದಾಗ ಹಾಲಮ್ಮ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು. ಅನಸೂಯ ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಎಷ್ಟೋ ಸಲ ಕೆಲಸ ಮುಗಿದ ಮೇಲೂ ನಾನು ಅದೇ ಮೆಟ್ಟಿಲ ಇನ್ನೊಂದು ತುದಿಯಲ್ಲಿ ಕೂತು ಮಜ್ಜಿಗೆ ಕುಡಿದು ಬರುತ್ತಿದ್ದೆ. ಎಳ್ಳುನೀರು ಬಿಟ್ಟು ಎರಡು ವರ್ಷ ಕಳೆದ ಮೇಲೆ ಮದುವೆಯ ಮಾತು ಎತ್ತಿದವಳು ಹಾಲಮ್ಮನೇ. "ಇವಳು ನಿನ್ನ ಮನೆಗೆ ಬಂದ್ರೆ ನಾನೂ ಬರ್ತೀನಿ. ಒಬ್ಬಳನ್ನೇ ಕಳಿಸೋಳಲ್ಲ ನಾನು," ಅಂದಳು. ಇಬ್ಬರೂ ಬಂದರು. ಬಂದ ದಿನದಿಂದಲೇ ಹಾಲಮ್ಮ ನನ್ನನ್ನು ಮಗ ಎಂದಳು, ನಾನು ಅವ್ವ ಎಂದೆ. ನನ್ನ ಹೆತ್ತ ತಾಯಿಯನ್ನು ನಾನು ಕಂಡವನಲ್ಲ.

ಇಷ್ಟು ವರ್ಷ ಊರು ಕೊಳವೆಬಾವಿಗಳ ಮೇಲೆ ನಡೆದಿತ್ತು. ಈ ಸಲ ಅವುಗಳ ನೀರು ಬಾಯಿಗಿಡಲಾರದಷ್ಟು ಉಪ್ಪಾಯಿತು. ಮಕ್ಕಳಿಗೆ ಹೊಟ್ಟೆನೋವು ಶುರುವಾಯಿತು. ಕೆರೆ ಮಾತ್ರ ತುಂಬಿಕೊಂಡು ಸುಮ್ಮನಿತ್ತು. ಅದರ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುವಂಥದ್ದು. ನೀರಿನ ಮನೆಯ ಹೊರಗೋಡೆಯಲ್ಲಿರುವ ವಾಲ್ವನ್ನು ಒಮ್ಮೆ ತಿರುಗಿಸಿದರೆ ಸಾಕು. ಹೋಗಿ ತಿರುಗಿಸುವವರು ಯಾರು? ಪುರಸಭೆಯವರು ಟೆಕ್ನಿಕಲ್ ಸ್ಕೂಲಿಗೆ ಬಂದು, ನಿದ್ದೆ ಬಾರದಂಥದ್ದೇನಾದರೂ ಮಾಡಿಕೊಡಿ ಎಂದು ಕೇಳಿದರು. ಅನಸೂಯ ಒಪ್ಪಿಕೊಂಡಳು.

ಅವಳು ಮಾಡಿದ್ದು ಒಂದು ರೋಬೋ. ಊರವರು ಅದನ್ನು ಬಂಡಿ ಎಂದೇ ಕರೆದರು. ಕಬ್ಬಿಣದ ಚೌಕಟ್ಟು, ಗಾಲಿಕುರ್ಚಿಯಿಂದ ಬಿಚ್ಚಿದ ಎರಡು ಮೋಟಾರು, ನಾಲ್ಕು ದಪ್ಪ ಗಾಲಿ, ಮುಂದೆ ಒಂದು ಕಬ್ಬಿಣದ ತೋಳು, ನೆತ್ತಿಯಲ್ಲಿ ಒಂದು ಕ್ಯಾಮೆರಾ. ನಡುವೆ ಪ್ಲಾಸ್ಟಿಕ್ ಡಬ್ಬಿಯೊಳಗೆ ಅಂಗೈಯಗಲದ ಒಂದು ಕಂಪ್ಯೂಟರು. ಕ್ಯಾಮೆರಾ ಕಂಡದ್ದನ್ನು ನಮಗೆ ಕಳಿಸುವುದೂ, ನಾವು ಹೇಳಿದ್ದನ್ನು ಮೋಟಾರಿನ ಬೋರ್ಡಿಗೆ ತಿಳಿಸುವುದೂ ಅದೇ. ತಿರುವಿನಾಚೆ ವೈರ್‌ಲೆಸ್ ಹಿಡಿಯುವುದಿಲ್ಲವೆಂದು ಹಿಂದಕ್ಕೆ ಉದ್ದನೆಯ ಕೇಬಲ್ಲೊಂದನ್ನು ಉರುಳೆಗೆ ಸುತ್ತಿ ಜೋಡಿಸಿದ್ದಳು.

ಮೊದಲ ಪರೀಕ್ಷೆಗೆ ಊರೆಲ್ಲ ಗೋದಾಮಿನ ಬೀದಿಗೆ ಬಂದಿತ್ತು. ಅನಸೂಯ ಗುಂಡಿ ಒತ್ತಿದಳು. ಗಾಲಿಗಳು ಒಂದು ಸಲ ಜಗ್ಗಿದವು, ಡಬ್ಬಿಯೊಳಗಿನ ಹಸಿರು ದೀಪ ಆರಿತು, ಬಂಡಿ ನಿಂತಿತು. ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಹತ್ತಿತು. ಮತ್ತೆ ಒತ್ತಿದರೆ ಮತ್ತೆ ಅದೇ ಕಥೆ. "ಇದಕ್ಕೂ ಜೋಂಪು ಹತ್ತಿತಾ?" ಎಂದು ಗುಂಪಿನಲ್ಲಿ ಯಾರೋ ಅಂದರು. ಯಾರೂ ನಗಲಿಲ್ಲ. ಕೊಡ ಹಿಡಿದುಕೊಂಡೇ ಬಂದಿದ್ದ ಹೆಂಗಸರು ಕೊಡ ಹಿಡಿದುಕೊಂಡೇ ವಾಪಸು ಹೋದರು.

ಕಾರಣ ಕಷ್ಟದ್ದೇನಲ್ಲ. ಲಾರಿಯ ಸೆಲ್ಫ್ ಹೊಡೆದಾಗ ಹೆಡ್‌ಲೈಟು ಒಂದು ಕ್ಷಣ ಮಂಕಾಗುವುದಿಲ್ಲವೇ, ಹಾಗೆ. ಮೋಟಾರು ಹೊರಡುವಾಗ ಬ್ಯಾಟರಿಯಲ್ಲಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಸೆಳೆದುಕೊಳ್ಳುತ್ತದೆ. ಕಂಪ್ಯೂಟರಿಗೆ ಬೇಕಾದ್ದು ಐದೇ ವೋಲ್ಟು, ಆದರೆ ಅದು ತುಸು ಇಳಿದರೂ ಪ್ರಾಣ ಬಿಡುತ್ತದೆ. ಅನಸೂಯ ನನ್ನ ಅಂಗಡಿಯ ಬೆಂಚಿನ ಮೇಲೆ ಬಂಡಿಯನ್ನು ತಂದಿಟ್ಟುಕೊಂಡು, ಕಂಪ್ಯೂಟರಿಗೆಂದೇ ಬೇರೆ ಸಣ್ಣ ಬ್ಯಾಟರಿ ಕೊಟ್ಟಳು. ಈಗ ದೀಪ ಆರಲಿಲ್ಲ. ಆದರೆ ಬಂಡಿಗೆ ಹುಚ್ಚು ಹಿಡಿದಂತಾಯಿತು. ಮುಂದೆ ಹೋಗು ಅಂದರೆ ತೋಳು ನಡುಗುತ್ತಿತ್ತು, ನಿಲ್ಲು ಅಂದರೆ ಒಂದು ಗಾಲಿ ಮಾತ್ರ ತಿರುಗುತ್ತಿತ್ತು. ಎರಡು ದಿನ ಅವಳು ಒಂದೊಂದೇ ತಂತಿ ಮುಟ್ಟಿ ನೋಡಿದಳು, ಬೋರ್ಡು ಬದಲಾಯಿಸಿದಳು, ಊಟ ಬಿಟ್ಟಳು. ಮೂರನೇ ದಿನ ಮಧ್ಯಾಹ್ನ ಮೀಟರಿನ ಕಡ್ಡಿ ಹಿಡಿದುಕೊಂಡೇ ಹಣೆ ಚಚ್ಚಿಕೊಂಡಳು.

"ಎರಡು ಬ್ಯಾಟರಿ ಇಟ್ಟೆ, ನೆಗೆಟಿವ್ ಸೇರಿಸ್ಲೇ ಇಲ್ಲ ಕಣ್ರೀ. ಮಕ್ಕಳಿಗೆ ಮೊದಲನೇ ಪಾಠದಲ್ಲಿ ಹೇಳೋದು ಇದನ್ನೇ."

"ಸುಸ್ತಾಗಿದ್ಯಲ್ಲ, ಹೋಗ್ಲಿ ಬಿಡು," ಅಂದೆ.

ಗೇಣುದ್ದದ ಕಪ್ಪು ತಂತಿಯೊಂದನ್ನು ಕತ್ತರಿಸಿ ಕೊಟ್ಟೆ. ಅವಳು ಎರಡು ಕಡೆಯ ನೆಗೆಟಿವನ್ನು ಕೂಡಿಸಿ ಬೆಸುಗೆ ಹಾಕಿದಳು. ಬಂಡಿ ಹೇಳಿದ ಹಾಗೆ ಕೇಳಿತು. ಅಂಗಡಿಯಿಂದ ಬೀದಿಗಿಳಿದು, ಎದುರಿನ ಗಿರಣಿಯ ಕಟ್ಟೆ ಸುತ್ತಿ ಬಂತು. ಅನಸೂಯ ಆವತ್ತು ಎರಡು ಸಲ ಹಾಕಿಸಿಕೊಂಡು ಉಂಡಳು.

ಬಂಡಿ ಗೆರೆ ದಾಟಿದ್ದು ಒಂದು ಸೋಮವಾರ. ಗೋದಾಮಿನ ಕಟ್ಟೆಯ ಮೇಲೆ ಕ್ಯಾಮೆರಾ ಕಂಡದ್ದು ಮೂಡುವ ಪರದೆ ಇಟ್ಟು, ಬಿಸಿಲು ಬೀಳದಂತೆ ಕಂಬಳಿ ಕಟ್ಟಿದ್ದೆವು. ಮಲ್ಲೇಶಿ ಉರುಳೆಯಿಂದ ಕೇಬಲ್ ಬಿಡುತ್ತ ನಿಂತ. ನಾನು ಅನಸೂಯಳ ಹಿಂದೆ ನಿಂತಿದ್ದೆ. ಬಂಡಿ ತಿರುವು ದಾಟಿತು. ಒಣಗಿದ ಎಲೆಗಳು ರಸ್ತೆಯನ್ನು ಮುಚ್ಚಿದ್ದವು. ಒಂದು ಕರು ಮಲಗಿತ್ತು. ಅದರಾಚೆ ಹಾಲಿನ ಕ್ಯಾನನ್ನು ತಲೆದಿಂಬು ಮಾಡಿಕೊಂಡಂತೆ ಒಬ್ಬ ಹೆಂಗಸು ಮಲಗಿದ್ದಳು. ಮೈಮೇಲೆಲ್ಲ ಧೂಳು, ಮುಖ ಮಾತ್ರ ಹೋದ ದಿನ ಹೇಗಿತ್ತೋ ಹಾಗೆಯೇ. ಗುಂಪಿನವರಿಗೆ ಗುರುತು ಹತ್ತಿತು. ಅವಳು ಎಣ್ಣೆ ಗಾಣದ ಕರಿಬಸಪ್ಪನ ಮೊದಲ ಹೆಂಡತಿ ಈರಮ್ಮ. ಅನಸೂಯ ಬಂಡಿಯನ್ನು ಪಕ್ಕಕ್ಕೆ ತಿರುಗಿಸುವಾಗ ಕ್ಯಾಮೆರಾ ಅವಳ ಮೇಲೆ ಒಂದು ಗಳಿಗೆ ನಿಂತಿತು. ಅಷ್ಟರಲ್ಲಿ ಎಲ್ಲರೂ ನೋಡಿದರು. ಅವಳ ಸೆರಗು ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು.

ಕರಿಬಸಪ್ಪ ಅಲ್ಲೇ ಇದ್ದ. ಎರಡನೇ ಹೆಂಡತಿ ಅವನ ಪಕ್ಕದಲ್ಲಿದ್ದಳು. ಅವನು, "ಮೇಡಮ್ಮೋರೆ, ಆ ಪರದೆ ಸ್ವಲ್ಪ ಆ ಕಡೆ ತಿರುಗಿಸ್ಕೊಳಿ," ಎಂದ. ದನಿ ಮೇಲೇಳಲಿಲ್ಲ. ಅನಸೂಯ ಪರದೆಯನ್ನು ನಮ್ಮಿಬ್ಬರಿಗೆ ಮಾತ್ರ ಕಾಣುವಂತೆ ತಿರುಗಿಸಿಕೊಂಡಳು.

ಹಾಗಾಗಿ ಮುಂದಿನದನ್ನು ಕಂಡವರು ನಾವಿಬ್ಬರೇ. ನೀರಿನ ಮನೆಯ ಗೋಡೆಗೆ ಒರಗಿ, ವಾಲ್ವಿನ ಚಕ್ರದಿಂದ ಒಂದು ಮಾರು ದೂರದಲ್ಲಿ ರೇವಣಸಿದ್ಧ ಮಲಗಿದ್ದ. ಬಿಳೀ ಶರ್ಟು ಮಣ್ಣುಬಣ್ಣಕ್ಕೆ ತಿರುಗಿತ್ತು. ಮೀಸೆ ಕಪ್ಪಗಿತ್ತು. ನಮ್ಮ ಮನೆಯ ಗೋಡೆಯ ಮೇಲೆ, ಗಂಧದ ಹಾರದೊಳಗಿದ್ದ ಫೋಟೋದಲ್ಲಿ ಹೇಗಿದ್ದನೋ ಹಾಗೆಯೇ ಇದ್ದ. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅನಸೂಯಳ ಕೈ ಗುಂಡಿಯ ಮೇಲೆಯೇ ಇತ್ತು. ಅವಳು ಬಂಡಿಯನ್ನು ಅವನ ಕಾಲಿಗೆ ತಾಗದಂತೆ ಸುತ್ತುಹಾಕಿಸಿ, ತೋಳನ್ನು ಚಕ್ರಕ್ಕೆ ಸಿಕ್ಕಿಸಿ, ತಿರುಗಿಸಿದಳು. ಚಕ್ರ ತುಕ್ಕು ಹಿಡಿದಿತ್ತು. ನಾಲ್ಕು ಸಲ ಜಾರಿತು, ಐದನೇ ಸಲ ಅಲುಗಿತು. ಸ್ವಲ್ಪ ಹೊತ್ತಿಗೆ ಊರ ಕಡೆಯಿಂದ ಕೂಗು ಕೇಳಿಸಿತು, ನಲ್ಲಿಗಳಲ್ಲಿ ನೀರು ಬಂದಿತ್ತು. ಜನ ಓಡಿದರು. ಅನಸೂಯ ಬಂಡಿಯನ್ನು ವಾಪಸು ತಂದು, ಸ್ವಿಚ್ಚು ಆರಿಸಿ, ಪರದೆಯ ಮೇಲೆ ಕಂಬಳಿ ಹೊದಿಸಿದಳು.

ಮನೆಯಲ್ಲಿ ಹಾಲಮ್ಮ ಹಂಡೆ, ಕೊಡ, ಕೊನೆಗೆ ಸಾರಿನ ಪಾತ್ರೆಯನ್ನೂ ತುಂಬಿಸಿಟ್ಟು ಬಾಗಿಲಲ್ಲಿ ಕೂತಿದ್ದಳು. ನಮ್ಮನ್ನು ನೋಡಿ ಎದ್ದಳು.

"ನನ್ ಮಗನ್ನ ಕಂಡ್ರಾ?"

"ಕಂಡೆ ಅವ್ವ," ಅಂದಳು ಅನಸೂಯ.

"ಮೂಳೆನಾದ್ರೂ ಉಳಿದಿತ್ತಾ?"

"ಅವ್ವ, ಉಸಿರಾಡ್ತಿದಾರೆ."

ಹಾಲಮ್ಮ ಮತ್ತೆ ಕೂತಳು. ಅಳಲಿಲ್ಲ. ಅನಸೂಯಳ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಮಗನನ್ನು ತಂದುಕೊಡಿ ಎಂದು ಅವಳು ಕೇಳಿದ್ದರೆ ನನಗೆ ಹಗುರಾಗುತ್ತಿತ್ತು. ನನ್ನ ಮುಖ ನೋಡಿ ಅವಳು ಕೇಳಲಿಲ್ಲ.

ಆ ವಾರ ನಮ್ಮ ಮನೆಯೊಳಗೆ ಮೂವರೂ ಒಬ್ಬರಿಗೊಬ್ಬರು ತಾಗದ ಹಾಗೆ ಓಡಾಡಿದೆವು. ಬಂಡಿಯ ಕೈಯಲ್ಲಿ ಹಗ್ಗದ ತುದಿ ಕೊಟ್ಟು ಕಳಿಸಿ, ಅದು ಕೊಕ್ಕೆ ಸಿಕ್ಕಿಸಿದ ಮೇಲೆ ಈಚೆಯಿಂದ ಎಳೆದುಕೊಳ್ಳಬಹುದು ಎಂಬುದು ಅನಸೂಯಳಿಗೂ ಹೊಳೆದಿತ್ತು, ನನಗೂ ಹೊಳೆದಿತ್ತು. ಆದರೆ ಅಷ್ಟುದ್ದದ ಹಗ್ಗವನ್ನು ಎಳೆದುಕೊಂಡು ಹೋಗಲು ಮೋಟಾರಿನ ಬ್ಯಾಟರಿ ಸಾಲುತ್ತಿರಲಿಲ್ಲ. ದೊಡ್ಡದು ಇಡೀ ಊರಿನಲ್ಲಿ ಇದ್ದದ್ದು ನನ್ನ ಅಂಗಡಿಯಲ್ಲಿ. ಅದು ನನ್ನಲ್ಲಿಲ್ಲ ಎಂದು ಹೇಳಿದರೆ ಸಾಕಾಗಿತ್ತು. ಸುಳ್ಳೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯಲ್ಲಿ ಕೂತು ಒಂದಿಡೀ ದಿನ ಆ ಮಾತನ್ನು ಬಾಯಲ್ಲಿ ಹೊರಳಿಸಿ ನೋಡಿದೆ. ಸಂಜೆ ಮನೆಗೆ ಹೋದಾಗ ಅನಸೂಯ ಹಿತ್ತಲಲ್ಲಿ ಒಗೆದ ಬಟ್ಟೆ ಹರವುತ್ತಿದ್ದಳು. ನನ್ನ ಅಂಗಿಯನ್ನು ತಂತಿಯ ಮೇಲೆ ಹಾಕಿ, ಅದರ ತೋಳು ಹಿಡಿದುಕೊಂಡೇ ಕೇಳಿದಳು.

"ನಾನೇನ್ ಮಾಡ್ಲಿ, ನೀವೇ ಹೇಳಿ."

"ಅದನ್ನ ನನ್ನ ಕೇಳ್ಬೇಡ ಅನಸೂಯ. ಹಗ್ಗದ ಭಾರಕ್ಕೆ ಈಗಿರೋ ಬ್ಯಾಟರಿ ತಡೆಯಲ್ಲ. ಲಾರಿದೊಂದು ಚಾರ್ಜಿಗೆ ಹಾಕಿ ಬಂದಿದೀನಿ. ನಾಳೆ ಬಂಡಿಗೆ ಕೂರಿಸೋಣ."

ಅವಳು ಆ ಅಂಗಿಯ ತೋಳಿನಿಂದಲೇ ಮುಖ ಒರೆಸಿಕೊಂಡಳು.

ಎರಡನೇ ಸಲ ಬಂಡಿ ಹೋಗುವಾಗ ಜನ ಹೆಚ್ಚಿರಲಿಲ್ಲ. ಇದೆಲ್ಲ ಬೇಡವೆಂದವರು ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದರು. ಬಂಡಿ ಹಗ್ಗ ಎಳೆದುಕೊಂಡು ತಿರುವು ದಾಟಿ, ನೀರಿನ ಮನೆಯ ಮುಂದಿನ ಕಲ್ಲಿನ ಅಂಚನ್ನು ಹತ್ತಿ ಇಳಿಯಿತು. ಇಳಿದ ರಭಸಕ್ಕೆ ಪರದೆ ಕಪ್ಪಾಯಿತು. ಅನಸೂಯ ಗುಂಡಿಗಳನ್ನೆಲ್ಲ ಒತ್ತಿದಳು. ಏನೂ ಇಲ್ಲ. ರೇವಣಸಿದ್ಧನ ಮಗ್ಗುಲಲ್ಲಿ, ಕೈಯಲ್ಲಿ ಕೊಕ್ಕೆ ಹಿಡಿದು ಬಂಡಿ ಸತ್ತು ನಿಂತಿತ್ತು.

"ಬ್ಯಾಟರಿ ಹೋಯ್ತಾ?" ಎಂದು ಹಾಲಮ್ಮ ಕೇಳಿದಳು.

"ಬ್ಯಾಟರಿ ಹೋಗಿಲ್ಲ ಅವ್ವ. ಕಂಪ್ಯೂಟರಿನ ಪಿನ್ನು ಸಡಿಲ ಆಗಿರ್ಬೇಕು. ಸುಮ್ನೆ ಬೆರಳಲ್ಲಿ ಒತ್ತಿದ್ರೆ ಸಾಕು." ಅನಸೂಯ ತನ್ನ ಬೆರಳನ್ನೇ ನೋಡಿಕೊಂಡಳು. ಆಮೇಲೆ ಗೆರೆಯ ಕಡೆ ನೋಡಿದಳು. ನಾನು ಅವಳ ರಟ್ಟೆ ಹಿಡಿದುಕೊಂಡೆ.

ಮಲ್ಲೇಶಿ ಕೇಬಲ್ಲನ್ನು ಎರಡು ಬೆರಳಲ್ಲಿ ಹಿಡಿದು, "ಮೀನಿನ ದಾರ ಆಡಿಸಿದ ಹಾಗೆ ಆಡಿಸ್ಲಾ?" ಎಂದ. ಕೇಬಲ್ ತುಂಡಾದರೆ ಎಲ್ಲವೂ ಮುಗಿದಂತೆ. ಆದರೂ ಅನಸೂಯ ಹೂಂ ಎಂದು ತಲೆಯಾಡಿಸಿದಳು. ಮಲ್ಲೇಶಿ ಒಮ್ಮೆ ಜಗ್ಗಿ ಬಿಟ್ಟ. ಇನ್ನೊಮ್ಮೆ ಜಗ್ಗಿದ. ಬಂಡಿ ಅಲುಗಿತೋ ಇಲ್ಲವೋ ನಮಗೆ ಕಾಣುವಂತಿರಲಿಲ್ಲ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ನಾನು ಆಗ ಏನು ಬಯಸಿದೆ ಎಂದು ಯಾರಾದರೂ ಕೇಳಿದರೆ ಉತ್ತರ ನನ್ನಲ್ಲಿಲ್ಲ. ಆದರೆ ಪರದೆಯಲ್ಲಿ ಮತ್ತೆ ಚಿತ್ರ ಮೂಡಿದಾಗ ಮೊದಲು ಕೂಗಿದವನು ನಾನೇ ಎಂದು ಹಾಲಮ್ಮ ಈಗಲೂ ಹೇಳುತ್ತಾಳೆ.

ತೋಳು ನಿಧಾನವಾಗಿ ಇಳಿದು ಕೊಕ್ಕೆಯನ್ನು ಅವನ ಸೊಂಟದ ಬೆಲ್ಟಿಗೆ ಸಿಕ್ಕಿಸಿತು. ನಾವೆಲ್ಲ ಹಗ್ಗ ಹಿಡಿದೆವು. ಎಲ್ಲರ ಹಿಂದೆ, ಹಗ್ಗದ ತುದಿಯಲ್ಲಿ ಹಾಲಮ್ಮ ನಿಂತಳು. ಎಲೆಗಳ ಮೇಲೆ ಜಾರುತ್ತ ಜಾರುತ್ತ ಅವನು ಬಂದ. ಶರ್ಟು ಹರಿಯಿತು, ಬೆನ್ನು ತರಚಿತು. ತಲೆ ಗೆರೆ ದಾಟಿದ ಮೇಲೂ ನಾಲ್ಕಾರು ಉಸಿರಿನಷ್ಟು ಹೊತ್ತು ಅವನು ಹಾಗೆಯೇ ಇದ್ದ. ಆಮೇಲೆ ಕೆಮ್ಮಿ ಕಣ್ಣು ಬಿಟ್ಟ.

"ಹೊತ್ತಾಯ್ತಲ್ಲ. ನೀರು ಬಿಡ್ಬೇಕು," ಎಂದು ಏಳಲು ನೋಡಿದ.

"ಬಿಟ್ಟಾಯ್ತು ಕಣಪ್ಪ. ಅನಸೂಯ ಬಿಟ್ಟಳು," ಅಂದಳು ಹಾಲಮ್ಮ.

ಅವನು ತಾಯಿಯ ತಲೆ ಮುಟ್ಟಿ ನೋಡಿದ. "ಇದೇನವ್ವ, ಕೂದಲು ಇಷ್ಟು ಬೆಳ್ಳಗಾಗಿದೆ?" ಅವನ ಕಣ್ಣು ಅನಸೂಯಳ ಮೇಲೆ ನಿಂತಿತು. ಅವಳ ಕಿವಿಯ ಬಳಿಯ ನರೆ, ಕಣ್ಣಿನ ಕನ್ನಡಕ, ಕೊರಳಿನ ತಾಳಿ, ಒಂದೊಂದನ್ನೇ ನೋಡಿದ. ಆ ತಾಳಿ ಅವನು ಕಟ್ಟಿದ್ದಲ್ಲ. ಆಮೇಲೆ, ಹಗ್ಗ ಬಿಟ್ಟ ಕೂಡಲೇ ಮತ್ತೆ ಅವಳ ರಟ್ಟೆ ಹಿಡಿದಿದ್ದ ನನ್ನ ಕೈ ನೋಡಿದ. ನಾನು ಅದನ್ನು ಬಿಡಲು ಮರೆತಿದ್ದೆ.

"ಇವರ್ಯಾರು?"

ಹಾಲಮ್ಮ ಬಾಯಿ ತೆರೆದಳು. ಅನಸೂಯ ಅವಳನ್ನು ತಡೆದು, ನೆಲದ ಮೇಲೆ ಅವನೆದುರು ಕೂತಳು. ಮೊದಲೆಲ್ಲ ಅವನನ್ನು 'ರೀ' ಎನ್ನುತ್ತಿದ್ದವಳಿಗೆ ಈಗ ಹೇಗೆ ಕರೆಯುವುದೆಂದು ತಿಳಿಯಲಿಲ್ಲ. ಕರೆಯದೆಯೇ ಹೇಳಿದಳು. "ಇವರು ಗುರುಪಾದ. ನನ್ನ ಯಜಮಾನ್ರು. ನಿಮಗೆ ಎಳ್ಳುನೀರು ಬಿಟ್ಟು ಎಂಟು ವರ್ಷ ಆಯ್ತು."

ಬಸ್ಸು ಹೊರಟುಹೋಯಿತು ಎಂದು ಯಾರೋ ಹೇಳಿದಾಗ ತಲೆಯಾಡಿಸುವವರ ಹಾಗೆ ಅವನು ತಲೆಯಾಡಿಸಿದ.

ಕೆಲವು ವಾರ ಅವನು ನಮ್ಮ ಮನೆಯಲ್ಲೇ ಇದ್ದ. ನಾವು ನಾಲ್ವರೂ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದೆವು. ಅವನಿಗೆ ಎಲ್ಲವೂ ನಿನ್ನೆಯದು. ಸ್ನಾನ ಮುಗಿಸಿ ಬಂದು, "ಅನಸೂಯ, ನನ್ನ ಟವೆಲ್ಲೆಲ್ಲಿ?" ಎಂದು ಕೂಗಿಬಿಡುತ್ತಿದ್ದ, ಕೂಗಿದ ಮೇಲೆ ತಾನೇ ಹೋಗಿ ಹುಡುಕಿಕೊಳ್ಳುತ್ತಿದ್ದ. ಹಾರ ಬಿಚ್ಚಿ ಫೋಟೋವನ್ನು ಅವನೇ ಕೆಳಗಿಳಿಸಿದ. ಒಂದು ದಿನ ಅನಸೂಯ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತುಂಬಾ ಹೊತ್ತು ಮಾತಾಡಿದಳು. ಅವಳು ಏನು ಹೇಳಿದಳೆಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಒಳಗೆ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿದ್ದವು. ಮರುದಿನ ಅವನು ಚಾಪೆ ಸುತ್ತಿಕೊಂಡು, ನಮ್ಮ ಅಂಗಡಿಯ ಹಿಂದಿನ ಕೋಣೆ ಖಾಲಿ ಇದೆಯಾ ಎಂದು ನನ್ನನ್ನು ಕೇಳಿದ. ಹಾಲಮ್ಮ ಈಗ ದಿನಾ ಎರಡು ಕಡೆ ಅಡುಗೆಯ ರುಚಿ ನೋಡುತ್ತಾಳೆ. ಹಾದಿಯಲ್ಲಿ ಯಾರಾದರೂ ಎಲ್ಲಿಗೆ ಎಂದರೆ, "ದೊಡ್ಡ ಮಗನ ಹತ್ರ ಹೋಗಿದ್ದೆ, ಚಿಕ್ಕ ಮಗನ ಮನೆಗೆ ಹೊರಟೆ," ಅನ್ನುತ್ತಾಳೆ. ದೊಡ್ಡವನು ನೋಡಲು ನನಗಿಂತ ಹತ್ತು ವರ್ಷ ಚಿಕ್ಕವನು.

ಊರಿನಲ್ಲಿ ಜಗಳಗಳಾದವು, ಹೊಲಗದ್ದೆಗಳ ಪಾಲು ಏನಾಗಬೇಕೆಂದು ಪಂಚಾಯಿತಿಗಳಾದವು. ಬಂಡಿಯನ್ನು ಸುಟ್ಟುಹಾಕಿ ಎಂದವರೂ ಇದ್ದರು. ಮೊದಲು ಅನಸೂಯಳ ಬಳಿ ಬಂದವನು ಕರಿಬಸಪ್ಪ. ಅವನ ಹಿಂದೆಯೇ ಎರಡನೇ ಹೆಂಡತಿಯೂ ಬಂದಿದ್ದಳು. "ಕರ್ಕೊಂಡ್ ಬನ್ನಿ ಅಕ್ಕಾವ್ರೇ. ಆ ಉಸಿರು ನೋಡಿದ್ಮೇಲೆ ನನಗೆ ಮನೇಲಿ ಅನ್ನ ಸೇರ್ತಿಲ್ಲ," ಎಂದವಳು ಅವಳೇ. ಹಾಗೆ ಒಬ್ಬೊಬ್ಬರಾಗಿ ಈಚೆ ಬರತೊಡಗಿದರು. ಎಚ್ಚರವಾದವರು ಮೊದಲು ಕೇಳುವುದು ಹೊತ್ತೆಷ್ಟಾಯಿತು ಎಂದು. ಆಮೇಲೆ ಮನೆಯವರನ್ನು ಹುಡುಕುತ್ತಾರೆ. ಆಗ ಹೇಳಬೇಕಾದ್ದನ್ನು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಈರಮ್ಮ ಎದ್ದು ಕೂತು ಕ್ಯಾನಿನಲ್ಲಿ ಹಾಲೆಲ್ಲಿ ಎಂದು ಕೇಳಿದಾಗ ಕರಿಬಸಪ್ಪ ಮುಖ ಮುಚ್ಚಿಕೊಂಡು ನಿಂತುಬಿಟ್ಟ. ರೇವಣ್ಣ ಮುಂದೆ ಹೋಗಿ ಅವಳ ಪಕ್ಕ ಕೂತ. "ನಾನು ರೇವಣಸಿದ್ಧ, ನೀರು ಬಿಡೋನು. ನಾನೂ ಒಳಗೇ ಇದ್ದೆ ತಾಯಿ. ನಿಧಾನಕ್ಕೆ ಹೇಳ್ತೀನಿ, ಕೇಳು," ಎಂದು ಶುರುಮಾಡಿದ. ಅವಳು ಅವನ ಕೆನ್ನೆಗೆ ಹೊಡೆದಳು. ಅವನು ಹೊಡೆಸಿಕೊಂಡು, ಹೇಳುವುದನ್ನು ಮುಗಿಸಿದ. ಅಂದಿನಿಂದ ಅದು ಅವನ ಕೆಲಸವಾಯಿತು. ಅನಸೂಯ ಬಂಡಿ ನಡೆಸುತ್ತಾಳೆ, ಮಲ್ಲೇಶಿ ಹಗ್ಗ ಎಳೆಯುತ್ತಾನೆ, ರೇವಣ್ಣ ಗೆರೆಯ ಬಳಿ ಒಂದು ತಂಬಿಗೆ ನೀರಿಟ್ಟುಕೊಂಡು ಕಾಯುತ್ತಾನೆ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಲಾರಿ ಬ್ಯಾಟರಿಯನ್ನು ಆ ಕಡೆ ಅವನು, ಈ ಕಡೆ ನಾನು ಹಿಡಿದು ಬಂಡಿಗೆ ಏರಿಸುತ್ತಿದ್ದೆವು. ಅದನ್ನು ಕೂರಿಸಿ, ಪಟ್ಟಿ ಬಿಗಿಯುವಾಗ ಅವನು ತಲೆಯೆತ್ತದೆ ಕೇಳಿದ.

"ನಾನು ಹೋದಾಗ ಅವಳು ತುಂಬಾ ಅತ್ತಳಾ?"

"ಅತ್ತಳು. ಎಳ್ಳುನೀರು ಬಿಟ್ಟ ಮೇಲೂ ಒಂದು ವರ್ಷ ಸಂಜೆಯಾದ್ರೆ ಮೆಟ್ಟಿಲ ಮೇಲೆ ಕೂತು ಅಳೋಳು."

"ಆಗ ನೀವು ಏನಂತ ಸಮಾಧಾನ ಮಾಡ್ತಿದ್ರಿ?"

"ಏನೂ ಹೇಳ್ಲಿಲ್ಲ ರೇವಣ್ಣ. ನನಗೆ ಮಾತು ಬರ್ತಿರಲಿಲ್ಲ. ಅದೇ ಮೆಟ್ಟಿಲ ಇನ್ನೊಂದು ತುದೀಲಿ ಕೂತಿರ್ತಿದ್ದೆ, ಅಷ್ಟೇ."

ಅವನು ಪಟ್ಟಿಯ ಕೊನೆಯ ನಟ್ಟು ತಿರುಗಿಸಿ, ಕೈ ಒರೆಸಿಕೊಂಡು, ನನ್ನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟ. "ಒಳ್ಳೇದು ಮಾಡಿದ್ರಿ," ಎಂದ. ಆಮೇಲೆ ನಾವು ಬಂಡಿಯನ್ನು ತಳ್ಳಿಕೊಂಡು ಬಿಸಿಲಿನಲ್ಲಿ ಗೆರೆಯ ಕಡೆ ಹೊರಟೆವು.